‘ಅನ್ವೇಷಕ’ ಎಂಬ ಬಿರುದು ಯಾರಿಗೆ?

ಯುರೋಪಿನಿಂದ ಹಡಗೇರಿ ಅಮೆರಿಕಕ್ಕೆ ಹೋದವರನ್ನೆಲ್ಲ ‘ಅನ್ವೇಷಕ’ರೆಂದು ಕರೆಯುವ ರೂಢಿ ಕನ್ನಡದಲ್ಲಿ ಬೇರೂರಿದೆ. ಇದನ್ನು ನಾವು ಒಪ್ಪಲಾರೆವು. ಆ ಪದ ಎಷ್ಟನ್ನು ಮರೆಮಾಚುತ್ತದೆಂಬುದನ್ನು ಅರಿಯಲು ಫಿಲಿಪ್ ಫಾನ್ ಹುಟ್ಟನ್ ಎಂಬ ಜರ್ಮನ್ ಯೋಧನ ಬದುಕೊಂದೇ ಸಾಕು.

ಹುಟ್ಟನ್ 1535ರಲ್ಲಿ ವೆನೆಜುವೆಲಾದ ಕೋರೊ ಪಟ್ಟಣಕ್ಕೆ ಬಂದಿಳಿದ. ನಾಡು ಸ್ಪೇನಿನ ದೊರೆ ಐದನೆಯ ಚಾರ್ಲ್ಸ್‌ನದೆಂದು ಘೋಷಿತವಾಗಿತ್ತು. ಆಳುವ ಹಕ್ಕು ಮಾತ್ರ ಆಗ್ಸ್‌ಬರ್ಗಿನ ವೆಲ್ಸರ್ ಎಂಬ ವರ್ತಕ ಮನೆತನದ ಕೈಯಲ್ಲಿತ್ತು. 1519ರಲ್ಲಿ ಚಾರ್ಲ್ಸ್ ಚಕ್ರವರ್ತಿಯಾಗಿ ಆಯ್ಕೆಯಾಗಲು ಸಾಲ ಕೊಟ್ಟವರಲ್ಲಿ ಈ ಮನೆತನವೂ ಒಂದು. 1528ರಲ್ಲಿ ಅದಕ್ಕೆ ವೆನೆಜುವೆಲಾ ದಕ್ಕಿತು. ಅದೇ ವರ್ಷ 4000 ಆಫ್ರಿಕನ್ನರನ್ನು ಗುಲಾಮರನ್ನಾಗಿ ಸಾಗಿಸುವ ಪರವಾನಗಿಯೂ ಅದರ ಬಳಗಕ್ಕೆ ದೊರೆಯಿತು. ವ್ಯಾಪಾರಕ್ಕೆಂದು ಬಂದವರ ಕೈಗೆ ರಾಜ್ಯಭಾರ ಸಿಕ್ಕರೆ ಏನಾಗುತ್ತದೆಂಬುದನ್ನು ಭಾರತೀಯರಿಗೆ ಬೇರೆ ಹೇಳಬೇಕಿಲ್ಲ.

ಹುಟ್ಟನ್ ಹುಡುಕಿದ್ದು ಹೊಸ ನಾಡನ್ನಲ್ಲ, ಚಿನ್ನವನ್ನು. ಮೊದಲು ಗೆಯಾರ್ಗ್ ಹೋಹರ್ಮೂತ್‌ನ ಪಡೆಯಲ್ಲಿ ಮೂರು ವರ್ಷ ಅಲೆದ. 1541ರಲ್ಲಿ ತಾನೇ ನಾಯಕನಾಗಿ ಎಲ್ ಡೊರಾಡೊವನ್ನು ಅರಸಿ ಹೊರಟ. ಈ ದಂಡಯಾತ್ರೆಗಳು ಮೂಲನಿವಾಸಿಗಳ ಧಾನ್ಯ ಕಸಿದುಂಡು, ಸೆರೆಯಾದವರ ಬೆನ್ನಿಗೆ ಹೊರೆ ಹೊರಿಸಿ ಸಾಗಿದವು. ಅವನು ತುಳಿದ ದಾರಿಗಳನ್ನು ಬಲ್ಲವರು ಅಲ್ಲಿ ಮೊದಲೇ ಇದ್ದರು. ಹಾಗಿರುವಾಗ ಅವನು ಅನ್ವೇಷಿಸಿದ್ದಾದರೂ ಏನನ್ನು?

1546ರಲ್ಲಿ ಬರಿಗೈಯಲ್ಲಿ ಮರಳುತ್ತಿದ್ದ ಹುಟ್ಟನ್‌ನನ್ನು, ಸುಳ್ಳು ದಾಖಲೆಯಿಂದ ಅಧಿಕಾರ ಹಿಡಿದಿದ್ದ ಹುವಾನ್ ದೆ ಕಾರ್ವಹಾಲ್ ಹಿಡಿಸಿ ತಲೆ ಕಡಿಸಿದ. ವೆಲ್ಸರ್ ಮನೆತನದ ಕುಡಿ ಬಾರ್ತೊಲೊಮೆಯುಸ್‌ನಿಗೂ ಅದೇ ಗತಿಯಾಯಿತು. ಈ ದುರಂತವನ್ನೇ ಹಿಡಿದು ಹುಟ್ಟನ್‌ನನ್ನು ದ್ರೋಹಕ್ಕೆ ಬಲಿಯಾದ ವೀರನೆಂದು ಚಿತ್ರಿಸುವುದು ಸುಲಭ. ಸಾವು ಕ್ರೂರವಾಗಿತ್ತು, ನಿಜ. ಆದರೆ ಆ ಕೊಲೆಗೆ ಅದೇ ವರ್ಷ ಕಾರ್ವಹಾಲ್ ಗಲ್ಲಿಗೇರಿದ. ಹೊರೆ ಹೊತ್ತು ದಾರಿಯಲ್ಲೇ ಬಿದ್ದವರಿಗಾಗಿ ಗಲ್ಲಿಗೇರಿದವರು ಯಾರು?

‘ಅವನು ಅವನ ಕಾಲದ ಮನುಷ್ಯ, ಇಂದಿನ ತಕ್ಕಡಿಯಲ್ಲಿ ತೂಗಬೇಡಿ’ ಎನ್ನುವವರಿದ್ದಾರೆ. ಬಾರ್ತೊಲೊಮೆ ದೆ ಲಾಸ್ ಕಾಸಸ್ ಕೂಡ ಅದೇ ಕಾಲದವನು, ಅದೇ ಚಕ್ರವರ್ತಿಯ ಪ್ರಜೆ. 1552ರಲ್ಲಿ ಅಚ್ಚಾದ ತನ್ನ ಕೃತಿಯಲ್ಲಿ ವೆನೆಜುವೆಲಾದ ಜರ್ಮನ್ನರ ಕ್ರೌರ್ಯವನ್ನು ಆತ ಹೆಸರಿಟ್ಟೇ ಖಂಡಿಸಿದ. ತಕ್ಕಡಿ ಅಂದೂ ಇತ್ತು; ತೂಗಲು ಮನಸ್ಸಿರಲಿಲ್ಲ, ಅಷ್ಟೆ.

ಹುಟ್ಟನ್‌ನ ಛಲ, ಹಸಿವು, ಊರಿಗೆ ಬರೆದ ಪತ್ರಗಳು ಚರಿತ್ರೆಯಲ್ಲಿ ಉಳಿಯಲಿ. ನಮ್ಮ ತಕರಾರು ಬಿರುದಿನ ಬಗ್ಗೆ ಮಾತ್ರ. ದಂಡು ಕಟ್ಟಿ ಹೋದವನಿಗೆ ‘ದಂಡನಾಯಕ’ ಎಂಬ ಪದ ಕನ್ನಡದಲ್ಲಿ ಸಾವಿರ ವರ್ಷಗಳಿಂದ ಇದೆ. ಅನುವಾದಕರೂ ಪಠ್ಯಪುಸ್ತಕ ಬರೆಯುವವರೂ ಅದನ್ನೇ ಬಳಸಲಿ.