ಸಸಿ ಪುಕ್ಕಟೆ, ಮರ ಪುಕ್ಕಟೆಯಲ್ಲ

ಮಳೆಗಾಲ ಬಂತೆಂದರೆ ನಮ್ಮ ಶಾಲೆಗಳಲ್ಲಿ ಸಸಿ ನೆಡುವ ಸಂಭ್ರಮ. ಗುಂಡಿ ತೋಡುತ್ತೇವೆ, ಮಕ್ಕಳ ಕೈಯಿಂದ ನೀರು ಹಾಕಿಸುತ್ತೇವೆ, ಫೋಟೋ ತೆಗೆಯುತ್ತೇವೆ. 1950ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವ ಶುರು ಮಾಡಿದಾಗಿನಿಂದ ನಡೆದುಬಂದ ಪದ್ಧತಿ ಇದು. ಒಳ್ಳೆಯದೇ. ಈಗ ಈ ಮಾತು ಶಾಲೆಯ ಅಂಗಳ ದಾಟಿ ಹೊಲಕ್ಕೆ ಬಂದಿದೆ. ಹೊಲದಲ್ಲೂ ಮರ ಬೆಳೆಸಿ ಎಂದು ರೈತರಿಗೆ ಹೇಳಲಾಗುತ್ತಿದೆ. 2014ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯನ್ನೇ ತಂದಿತು. ಹೀಗಿದ್ದೂ ನಮ್ಮ ಮಡಕಶಿರಾ ಸೀಮೆಯ ರೈತ ಮರ ನೆಡಲು ಯಾಕೆ ಹಿಂದೆ ಮುಂದೆ ನೋಡುತ್ತಾನೆ?

ಅವನಿಗೆ ತಿಳುವಳಿಕೆ ಇಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬದುವಿನ ಮೇಲೆ ಹುಣಸೆ, ಹೊಂಗೆ, ಬೇವು ಉಳಿಸಿಕೊಂಡು ಬಂದವರು ಇವನ ತಾತ ಮುತ್ತಾತಂದಿರೇ ಅಲ್ಲವೆ? ಇಲ್ಲಿ ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸಿನ ಮಳೆ. ಕಾಯಿ ಕಟ್ಟುವ ಹೊತ್ತಿಗೆ ಅದು ಕೈಕೊಟ್ಟರೆ ಕಡಲೆಕಾಯಿ ಬೀಜದ ದುಡ್ಡೂ ಹುಟ್ಟುವುದಿಲ್ಲ. ಆಳಕ್ಕೆ ಬೇರು ಬಿಟ್ಟ ಹುಣಸೆ ಒಂದು ಮಳೆ ತಪ್ಪಿದ ಮಾತ್ರಕ್ಕೆ ಒಣಗುವುದಿಲ್ಲ. ಹಣ್ಣಿಗೆ ಹಿಂದೂಪುರದ ಮಾರುಕಟ್ಟೆ ಹತ್ತಿರದಲ್ಲೇ ಇದೆ. ಹೊಲದಲ್ಲಿ ಕೆಲಸವಿಲ್ಲದ ಬೇಸಿಗೆಯಲ್ಲಿ ಹಣ್ಣು ಕುಟ್ಟಿ ಬೀಜ ತೆಗೆಯುವ ಹೆಂಗಸರಿಗೆ ನಾಲ್ಕು ಕಾಸು ಸಿಗುತ್ತದೆ. ಹೊಂಗೆ ಸೊಪ್ಪು ಭೂಮಿಗೆ ಗೊಬ್ಬರ. ಇದೆಲ್ಲ ರೈತನಿಗೆ ನಾವು ಹೇಳಿಕೊಡಬೇಕಾದ ಪಾಠವಲ್ಲ.

ತೊಡಕು ಇರುವುದು ಬೇರೆ ಮೂರು ಕಡೆ.

ಮೊದಲನೆಯದು ಕಾಯುವ ಕಷ್ಟ. ಬೀಜದಿಂದ ಬೆಳೆಸಿದ ಹುಣಸೆ ಫಸಲಿಗೆ ಬರಲು ಏಳೆಂಟು ವರ್ಷವಾದರೂ ಬೇಕು. ಕಸಿ ಗಿಡ ಬೇಗ ಕಾಯಿ ಬಿಟ್ಟರೂ ಮೊದಲ ಮೂರು ಬೇಸಿಗೆ ನೀರು ಹೊರಲೇಬೇಕು. ಬೆಳೆ ಕೊಯ್ದ ಮೇಲೆ ಹೊಲವೆಲ್ಲ ಕುರಿ ಮೇಕೆಗಳದ್ದು. ಸಸಿ ಪುಕ್ಕಟೆ ಸಿಗುತ್ತದೆ, ಬೇಲಿ ಪುಕ್ಕಟೆ ಸಿಗುವುದಿಲ್ಲ. ಉದ್ಯೋಗ ಖಾತರಿ ಯೋಜನೆ 2006ರ ಫೆಬ್ರವರಿ 2ರಂದು ಆರಂಭವಾದದ್ದು ನಮ್ಮ ಅಂದಿನ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಅದರಡಿ ಸಣ್ಣ ರೈತರ ಹೊಲದಲ್ಲಿ ಹಣ್ಣಿನ ಗಿಡ ನೆಟ್ಟು, ಗುಂಡಿಗೂ ನೀರು ಹಾಕುವುದಕ್ಕೂ ಕೂಲಿ ಕೊಟ್ಟದ್ದುಂಟು. ಅದು ಸರಿಯಾದ ದಾರಿ. ಯಾವ ಯೋಜನೆಯೇ ಬರಲಿ, ಹಣ ನೆಡುವ ದಿನಕ್ಕಲ್ಲ, ಸಾಕುವ ವರ್ಷಗಳಿಗೆ ಬೇಕು.

ಎರಡನೆಯದು ಗುತ್ತಿಗೆಯ ಬೇಸಾಯ. ವರ್ಷಕ್ಕೋ ಎರಡು ವರ್ಷಕ್ಕೋ ಹೊಲ ಹಿಡಿದವನು ಹತ್ತು ವರ್ಷದ ಮರ ಯಾಕೆ ನೆಟ್ಟಾನು? ನೆಡುತ್ತೇನೆಂದರೂ, ನಾಳೆ ಹೊಲವೇ ನನ್ನದು ಅಂದುಬಿಟ್ಟರೆ ಎಂದು ಮಾಲೀಕನಿಗೆ ಭಯ. ಇಬ್ಬರ ನಡುವೆ ಬದು ಬರಿದು. ಮರದ ಫಲದಲ್ಲಿ ಗುತ್ತಿಗೆದಾರನ ಪಾಲು ಎಷ್ಟು ಎಂಬುದು ಕಾಗದದ ಮೇಲೆ ಬಾರದೆ ಇದು ಬಗೆಹರಿಯದು.

ಮೂರನೆಯದು ಕಡಿಯುವ ಪ್ರಶ್ನೆ. ಆಂಧ್ರದಲ್ಲಿ 2002ರ ಜಲ, ಭೂಮಿ ಮತ್ತು ಮರಗಳ ಕಾಯ್ದೆ ಇದೆ. ಕೆಲವು ಜಾತಿಗಳನ್ನು ಬಿಟ್ಟರೆ ಸ್ವಂತ ಹೊಲದ ಮರ ಕಡಿಯಲೂ ಅನುಮತಿ ಬೇಕು. ಕಾಯ್ದೆ ದುರುದ್ದೇಶದ್ದಲ್ಲ. ಅದಿಲ್ಲದಿದ್ದರೆ ಇದ್ದಬದ್ದ ಮರಗಳೂ ಗರಗಸಕ್ಕೆ ಹೋಗುತ್ತಿದ್ದವು. ಆದರೆ ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಒದಗುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ಯಾರು ಬೆಳೆಸುತ್ತಾರೆ? 2025ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊಲದ ಮರ ಕಡಿಯುವ ಬಗ್ಗೆ ಸರಳವಾದ ಮಾದರಿ ನಿಯಮಗಳನ್ನು ರಾಜ್ಯಗಳಿಗೆ ಕೊಟ್ಟಿತು. ಮಾದರಿ ಮಾದರಿಯಾಗಿಯೇ ಉಳಿದರೆ ರೈತನಿಗೇನು ಲಾಭ?

ಎಲ್ಲ ಮರವೂ ಹೊಲಕ್ಕೆ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ದಟ್ಟ ನೆರಳಿನ ಹುಣಸೆಯ ಕೆಳಗೆ ರಾಗಿ ಬರುವುದಿಲ್ಲ. ಕೊಂಬೆ ಪಕ್ಕದ ಹೊಲಕ್ಕೆ ಚಾಚಿದರೆ ಜಗಳ. ಅಂತರ್ಜಲದ ಚಿಂತೆಯಿಂದ ಪಕ್ಕದ ಕರ್ನಾಟಕ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಯಾವ ಮರ, ಎಲ್ಲಿ, ಎಷ್ಟು ದೂರಕ್ಕೆ ಎಂದು ರೈತನನ್ನು ಕೇಳಿ ಸಸಿ ಕೊಡಬೇಕು. ನರ್ಸರಿಯಲ್ಲಿ ಮಿಕ್ಕದ್ದನ್ನು ಹಂಚುವುದಲ್ಲ.

ನಮ್ಮ ಶಾಲೆಗಳು ಇಲ್ಲಿ ಒಂದು ಕೆಲಸ ಮಾಡಬಹುದು. ಅರ್ಜಿ, ಸುತ್ತೋಲೆ ಬರುವುದು ತೆಲುಗಿನಲ್ಲಿ. ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಅದು ದಾಟುವುದಿಲ್ಲ. ನಮ್ಮ ಮಕ್ಕಳಿಗೆ ಎರಡೂ ಓದಲು ಬರುತ್ತದೆ. ನಿಯಮಗಳನ್ನು ಮೇಷ್ಟ್ರ ನೆರವಿನಿಂದ ಕನ್ನಡದಲ್ಲಿ ಬರೆದು ಗ್ರಾಮ ಸಚಿವಾಲಯದ ಗೋಡೆಗೆ ಅಂಟಿಸಲಿ. ಊರಿನ ಬದುಗಳ ಮೇಲೆ ಎಷ್ಟು ಮರಗಳಿವೆ, ಹೋದ ವರ್ಷ ನೆಟ್ಟದ್ದರಲ್ಲಿ ಎಷ್ಟು ಬದುಕಿವೆ ಎಂದು ವರ್ಷಕ್ಕೊಮ್ಮೆ ಎಣಿಸಿ ಪುಸ್ತಕದಲ್ಲಿ ಬರೆದಿಡಲಿ. ನೆಟ್ಟ ಸಸಿಗಳ ಲೆಕ್ಕ ಎಲ್ಲ ಕಚೇರಿಯಲ್ಲೂ ಇರುತ್ತದೆ. ಬದುಕಿದ ಮರಗಳ ಲೆಕ್ಕ ನಮ್ಮ ಶಾಲೆಗಳಲ್ಲಾದರೂ ಇರಲಿ. ಏನಂತೀರಿ?