ಸರದಿಯಲ್ಲಿ ನಿಲ್ಲುವ ಮುನ್ನ

ಸೇನೆಯಲ್ಲಿ ದುಡಿದು ಬಂದವರ ಮನೆಗಳು ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲೂ ಇವೆ. ಯಜಮಾನರು ಇರುವಷ್ಟು ದಿನ ಪಿಂಚಣಿಯ ವ್ಯವಹಾರವೆಲ್ಲ ಅವರದೇ. ಅವರು ತೀರಿಕೊಂಡ ಮೇಲೆ ಕಾಗದಗಳ ಕಟ್ಟು ಪತ್ನಿಯ ಕೈಗೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಆಕೆ ಅದನ್ನು ಬಿಚ್ಚಿ ನೋಡುವುದು ಅಂದೇ ಮೊದಲು.

ಮಾಜಿ ಸೈನಿಕರ ಕುಟುಂಬಗಳಿಗೆ ನೆರವಾಗುವ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಇರುವುದು ಮೈಸೂರಿನಲ್ಲಿ. ಹನೂರು ಕಡೆಯ ಹೆಂಗಸು ಕೊಳ್ಳೇಗಾಲಕ್ಕೆ ಬಂದು, ಅಲ್ಲಿಂದ ಮುಂದೆ ಹೋಗಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ಉಳಿಯಿತು, ನಿಜ. ಆದರೆ ಒಂದು ದಿನದ ಕೂಲಿ ಹೋಗುತ್ತದೆ. ಯಾವ ಕಚೇರಿಯಲ್ಲೇ ಆಗಲಿ, ಗಂಟೆಗಟ್ಟಲೆ ಕಾದ ಮೇಲೆ ಒಂದು ಕಾಗದ ಕಡಿಮೆ ಇದೆಯೆಂದು ತಿಳಿದರೆ ಮತ್ತೆ ಬರಬೇಕು. ಒಬ್ಬರೇ ಮೂರು ಸಲ ಬಂದರೆ ಹಿಂದಿರುವವರ ಸರದಿಯೂ ಅಷ್ಟು ಉದ್ದವಾಗುತ್ತದೆ.

ಅಲೆದಾಟಕ್ಕೆ ಒಂದು ದೊಡ್ಡ ಕಾರಣ ಹೆಸರು. ಸೇನೆಯ ದಾಖಲೆಯಲ್ಲಿ ಫಾತಿಮಾ ಬಿ, ಬ್ಯಾಂಕಿನಲ್ಲಿ ಫಾತಿಮಾ ಬಾನು, ಆಧಾರ್‌ನಲ್ಲಿ ಬರೀ ಫಾತಿಮಾ. ಮೂವರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು, ಕಾಗದಕ್ಕೆ ಗೊತ್ತಿಲ್ಲ. ಇದನ್ನು ಪತಿ ಸೇವೆ ಸಲ್ಲಿಸಿದ ದಳದ ರೆಕಾರ್ಡ್ ಆಫೀಸಿಗೆ ಬರೆದು ಸರಿಪಡಿಸಬೇಕು. ಪತಿ ಬದುಕಿರುವಾಗಲೇ ಈ ಕೆಲಸ ಸುಲಭ.

ಆದ್ದರಿಂದ ಸೋದರಿಯರೇ, ಇಂದೇ ಯಜಮಾನರನ್ನು ಕೂರಿಸಿಕೊಂಡು ಕಟ್ಟನ್ನು ಬಿಚ್ಚಿರಿ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶದ ಪ್ರತಿ, ಆಧಾರ್, ಪ್ಯಾನ್, ಪಾಸ್‌ಬುಕ್ ಎಲ್ಲವೂ ಇವೆಯೇ? ನಿಮ್ಮ ಹೆಸರು, ಜನ್ಮದಿನಾಂಕ ಎಲ್ಲದರಲ್ಲೂ ಒಂದೇ ಆಗಿದೆಯೇ? ಮರಣ ಸಂಭವಿಸಿದರೆ 21 ದಿನಗಳೊಳಗೆ ನೋಂದಾಯಿಸಿ. ಬ್ಯಾಂಕಿಗೂ ಪಿಂಚಣಿ ಕಚೇರಿಗೂ ತಿಳಿಸಿ. ತಿಳಿಸದೆ ಪಡೆದ ಹಣವನ್ನು ಮುಂದೆ ವಸೂಲಿ ಮಾಡುತ್ತಾರೆ.

ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಮುಗಿಯಲಿ ಎಂದು ಕೆಲವರು ಕಾಗದದ ಕೆಲಸವನ್ನೇ ಮುಂದೂಡುತ್ತಾರೆ. ಅಷ್ಟು ದಿನ ಮನೆ ನಡೆಯುವುದು ಹೇಗೆ? ಅರ್ಜಿ ಸಿದ್ಧಪಡಿಸುವ ಕೆಲಸವನ್ನು ಮಗನೋ ಸಹೋದರನೋ ಮಾಡಬಹುದು. ಅನಿವಾರ್ಯವಾದರೆ ವಿಧವೆ ಹಗಲಿನಲ್ಲಿ ಹೊರಹೋಗಲು ಹನಫಿ ಫಿಕ್ಹ್‌ನಲ್ಲಿಯೂ ಅವಕಾಶವಿದೆ.

ಈಗ ಸೇನಾ ಪಿಂಚಣಿಗೆ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯಿದೆ. ಸಾಮಾನ್ಯ ಸೇವಾ ಕೇಂದ್ರಗಳಲ್ಲೂ ಅದರ ಕೆಲಸವಾಗುತ್ತದೆ. ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರಕ್ಕೆ 2014ರಿಂದ ‘ಜೀವನ್ ಪ್ರಮಾಣ್’ ಇದೆ. ಸಣ್ಣ ಶುಲ್ಕ ಕೊಟ್ಟರೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾರೆ. ಹಾಸಿಗೆ ಹಿಡಿದ ವೃದ್ಧೆಯನ್ನು ಆಟೋದಲ್ಲಿ ಹೊತ್ತೊಯ್ಯಬೇಕಾಗಿಲ್ಲ.

ಇಲಾಖೆಯಿಂದಲೂ ಕೇಳಬೇಕಾದದ್ದಿದೆ. ತಿಂಗಳಿಗೊಂದು ಗೊತ್ತಾದ ದಿನ ಅಧಿಕಾರಿಗಳು ಕೊಳ್ಳೇಗಾಲದಲ್ಲೇ ಕೂರಲಿ. ಫೋನಿನಲ್ಲಿ ಸಮಯ ಕೊಡಲಿ, ಯಾವ ಕಾಗದ ಬೇಕೆಂದು ಆಗಲೇ ಕನ್ನಡದಲ್ಲಿ ಹೇಳಲಿ. ಸಕಾಲ ಕಾಯ್ದೆ ಬಂದು 2012ರಿಂದ ರಾಜ್ಯ ಸರಕಾರದ ಸೇವೆಗಳಿಗೆ ದಿನಗಳ ಮಿತಿ ಇದೆ. ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ ಕೇಳಬಹುದು. ಸೈನಿಕನ ವಿಧವೆಯ ಪಿಂಚಣಿ ಅರ್ಜಿಗೂ ಅಂಥದೊಂದು ಗಡುವು ಇದ್ದರೆ ತಪ್ಪೇನು?

ಓದು ಬಲ್ಲ ಹೆಣ್ಣುಮಕ್ಕಳೇ, ನಿಮ್ಮ ಬೀದಿಯಲ್ಲಿ ಅಂಥ ಒಂದು ಮನೆ ಇದ್ದರೆ ಹೋಗಿ ಆ ಕಾಗದಗಳನ್ನು ಓದಿ ಹೇಳಿ. ನಿಮ್ಮ ಅರ್ಧ ಗಂಟೆ, ಆ ತಾಯಿಗೆ ಎರಡು ಸಲದ ಮೈಸೂರು ಪ್ರಯಾಣವನ್ನು ಉಳಿಸೀತು.