ಜೀವವಿಜ್ಞಾನ ಉದ್ಯಮ: ಬೆಂಗಳೂರಿಗೆ ಒಲಿದದ್ದು ಕೃಷ್ಣರಾಜಪೇಟೆಗೆ ಏಕಿಲ್ಲ?

ಮಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟವರು ಶಿರಾಡಿ ಘಾಟಿ ಹತ್ತಿ, ಹಾಸನ, ಚನ್ನರಾಯಪಟ್ಟಣ ದಾಟಿ, ಬೆಳಗಿನ ಜಾವ ಬೆಳ್ಳೂರು ಕ್ರಾಸನ್ನು ಹಾದುಹೋಗುತ್ತಾರೆ. ಹೆಚ್ಚಿನವರಿಗೆ ಆಗ ಗಾಢ ನಿದ್ದೆ. ಎಚ್ಚರವಿದ್ದವರಿಗೆ ಹೆದ್ದಾರಿಯ ಬದಿಯಲ್ಲಿ ಒಂದು ದೊಡ್ಡ ಆಸ್ಪತ್ರೆಯ ದೀಪಗಳು ಕಾಣುತ್ತವೆ. ಅದು ನಾಗಮಂಗಲ ತಾಲೂಕಿನ ಬಿ.ಜಿ. ನಗರದಲ್ಲಿರುವ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆ. ಅಲ್ಲಿಂದ ಒಳಗೆ ಹೋದರೆ ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲೂಕುಗಳು. ಕಬ್ಬು, ಭತ್ತ, ರಾಗಿ, ತೆಂಗು ಬೆಳೆಯುವ ನಾಡು.

ಬಸ್ಸು ಮುಂದೆ ಸಾಗಿ ಬೆಂಗಳೂರು ತಲಪುತ್ತದೆ. ಅಲ್ಲಿ ಇನ್ಸುಲಿನ್ ತಯಾರಾಗುತ್ತದೆ, ಕ್ಯಾನ್ಸರ್ ಔಷಧ ತಯಾರಾಗುತ್ತದೆ, ವಿದೇಶಿ ಕಂಪನಿಗಳಿಗಾಗಿ ಹೊಸ ಔಷಧಗಳ ಸಂಶೋಧನೆ ನಡೆಯುತ್ತದೆ. ಬಸ್ಸಿನಿಂದ ಇಳಿಯುವ ನಮ್ಮ ಯುವಕ ಯುವತಿಯರಲ್ಲಿ ಹಲವರಿಗೆ ಅಲ್ಲೇ ಕೆಲಸ. ಕೃಷ್ಣರಾಜಪೇಟೆಯ ಮಕ್ಕಳೂ ಅಲ್ಲಿಗೇ ಬರುತ್ತಾರೆ. ಹಾಗಾದರೆ ಈ ಉದ್ಯಮ ಒಂದೇ ಊರಿಗೆ ಮುಗಿಬೀಳುವುದೇಕೆ? ಕೇವಲ ಮೂರು ಗಂಟೆ ಹಾದಿಯಲ್ಲಿರುವ ತಾಲೂಕಿಗೆ ಅದು ಏಕೆ ಬರುವುದಿಲ್ಲ? ಕರಾವಳಿಯವರಾದ ನಮಗೂ ಇದು ಸಂಬಂಧಪಟ್ಟ ಪ್ರಶ್ನೆ.

ಪಪ್ಪಾಯಿ ಹಾಲಿನಿಂದ ಇನ್ಸುಲಿನ್‌ವರೆಗೆ

ಬಯೋಕಾನ್ ಕಂಪನಿ 1978ರಲ್ಲಿ ಬೆಂಗಳೂರಿನ ಕೋರಮಂಗಲದ ಒಂದು ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಆರಂಭವಾಯಿತು. ಸಂಸ್ಥಾಪಕಿ ಕಿರಣ್ ಮಜುಂದಾರ್ ಹಾಕಿದ ಬಂಡವಾಳ 10,000 ರೂಪಾಯಿ. ಮೊದಲ ಉತ್ಪನ್ನಗಳು ಎರಡು: ಕಾಯಿ ಪಪ್ಪಾಯಿಯ ಹಾಲಿನಿಂದ ತೆಗೆದ ಪಪೇನ್ ಎಂಬ ಕಿಣ್ವ ಮತ್ತು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್. ಎರಡನ್ನೂ ಬಿಯರ್ ತಯಾರಕರು ಬಳಸುತ್ತಿದ್ದರು. ಪಪ್ಪಾಯಿಯನ್ನು ಮಂಡ್ಯದ ರೈತರೂ ಬೆಳೆಯುತ್ತಾರೆ, ಮೀನು ನಮ್ಮ ಕಡಲಿನಲ್ಲೂ ಇದೆ. ಆದರೂ ಕಂಪನಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಕಾರಣ ಕಚ್ಚಾವಸ್ತು ಅಲ್ಲ, ತಿಳಿವಳಿಕೆ. ಆಕೆಯ ತಂದೆ ಯುನೈಟೆಡ್ ಬ್ರೂವರೀಸಿನಲ್ಲಿ ಬಿಯರ್ ತಯಾರಿಕೆಯ ಮುಖ್ಯಸ್ಥರಾಗಿದ್ದವರು. ಆಕೆ ಸ್ವತಃ ಆಸ್ಟ್ರೇಲಿಯಾದಲ್ಲಿ ಅದೇ ವಿದ್ಯೆ ಕಲಿತು ಬಂದವರು. ದೋಸೆ ಹಿಟ್ಟು ಹುಳಿ ಬರುವುದಕ್ಕೂ ಬಿಯರ್ ಆಗುವುದಕ್ಕೂ ಕಾರಣ ಸೂಕ್ಷ್ಮಜೀವಿಗಳು. ಇನ್ಸುಲಿನ್ ತಯಾರಿಕೆಯೂ ಅವುಗಳದೇ ಕೆಲಸ. ದೊಡ್ಡ ಉಕ್ಕಿನ ಪಾತ್ರೆಯಲ್ಲಿ ಯೀಸ್ಟ್ ಬೆಳೆಸಿ ಅದರಿಂದ ಇನ್ಸುಲಿನ್ ಪಡೆಯುತ್ತಾರೆ. ಬಯೋಕಾನ್ ತನ್ನ ಇನ್ಸುಲಿನ್ನನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು. ಗ್ಯಾರೇಜಿನಿಂದ ಇನ್ಸುಲಿನ್‌ಗೆ ತಲಪಲು 26 ವರ್ಷ ಬೇಕಾಯಿತು.

ನೂರು ವರ್ಷದ ಬಿತ್ತನೆ

ಸರಕಾರ ರಿಯಾಯಿತಿ ಕೊಟ್ಟದ್ದರಿಂದ ಉದ್ಯಮ ಬಂತು ಎಂದು ರಾಜಕಾರಣಿಗಳು ಹೇಳುವುದುಂಟು. ಕರ್ನಾಟಕ 2001ರಲ್ಲೇ ಜೈವಿಕ ತಂತ್ರಜ್ಞಾನಕ್ಕಾಗಿ ಪ್ರತ್ಯೇಕ ನೀತಿ ತಂದದ್ದು ನಿಜ. ಅದರಿಂದ ಪ್ರಯೋಜನವಾದದ್ದೂ ನಿಜ. ಆದರೆ ಆ ನೀತಿ ಬರುವ ಎಷ್ಟೋ ವರ್ಷ ಮೊದಲೇ ನೆಲ ಹದವಾಗಿತ್ತು.

ಮೈಸೂರು ಸಂಸ್ಥಾನ ಕೊಟ್ಟ ಸುಮಾರು 370 ಎಕರೆ ಜಾಗದಲ್ಲಿ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂತು. ಮುಂದೆ ಅದರ ಜಿಕೆವಿಕೆ ಆವರಣದಲ್ಲೇ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ತಲೆಯೆತ್ತಿತು. 2009ರಲ್ಲಿ ಅದರ ಪಕ್ಕದಲ್ಲೇ ಸಿ-ಕ್ಯಾಂಪ್ ಎಂಬ ಕೇಂದ್ರ ಆರಂಭವಾಗಿ, ದುಬಾರಿ ಉಪಕರಣಗಳನ್ನು ಹೊಸ ಸಣ್ಣ ಕಂಪನಿಗಳಿಗೂ ಒದಗಿಸತೊಡಗಿತು.

ಎರಡನೆಯದು ಆಸ್ಪತ್ರೆಗಳು. ಔಷಧವಾಗಲಿ ಉಪಕರಣವಾಗಲಿ ಕೊನೆಗೆ ರೋಗಿಯ ಹಾಸಿಗೆಯ ಬಳಿಯೇ ಪರೀಕ್ಷೆಗೆ ಒಳಗಾಗಬೇಕು. ನಮ್ಮ ಧರ್ಮಾಧ್ಯಕ್ಷರ ಮಂಡಳಿಯ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1973ರಲ್ಲಿ, ನಿಮ್ಹಾನ್ಸ್ 1974ರಲ್ಲಿ ಬಂದವು. ಕಿನ್ನಿಗೋಳಿ ಮೂಲದ ಡಾ. ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯ ಬೊಮ್ಮಸಂದ್ರದಲ್ಲಿದೆ. ಅದೇ ಬೊಮ್ಮಸಂದ್ರದಲ್ಲಿ ಬಯೋಕಾನ್ ಕೂಡ ಇದೆ.

ಮೂರನೆಯದು ಕಾನೂನು. 1970ರ ಪೇಟೆಂಟ್ ಕಾಯಿದೆ ಔಷಧಕ್ಕೆ ಪೇಟೆಂಟ್ ಕೊಡದೆ, ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ಆದ್ದರಿಂದ ನಮ್ಮ ರಸಾಯನ ವಿಜ್ಞಾನಿಗಳು ಬೇರೆ ವಿಧಾನದಿಂದ ಅದೇ ಔಷಧವನ್ನು ಅಗ್ಗವಾಗಿ ತಯಾರಿಸಲು ಕಲಿತರು. 2005ರಲ್ಲಿ ಕಾನೂನು ಬದಲಾದರೂ ಕೈಗೆ ಬಂದ ಕೌಶಲ್ಯ ಉಳಿಯಿತು. ಬೇರೆ ಕಂಪನಿಗಳಿಗೆ ಸಂಶೋಧನೆ ಮಾಡಿಕೊಡುವ ಸಿಂಜೀನ್‌ನಂಥ ಸಂಸ್ಥೆಗಳು ಬೆಳೆದದ್ದು ಈ ಕೌಶಲ್ಯದ ಬಲದಿಂದಲೇ.

ಈ ಬೇರುಗಳ ಬೆಲೆ ಏನೆಂದು ತಿಳಿಯಲು 2014ರ ಒಂದು ಘಟನೆ ನೋಡಬೇಕು. ಆ ವರ್ಷ ಆಸ್ಟ್ರಾಜೆನೆಕಾ ಕಂಪನಿ ಬೆಂಗಳೂರಿನ ತನ್ನ ಸಂಶೋಧನಾ ಕೇಂದ್ರವನ್ನು ಮುಚ್ಚಲು ನಿರ್ಧರಿಸಿತು. ಕ್ಷಯ, ಮಲೇರಿಯಾದಂಥ ಬಡವರ ರೋಗಗಳಿಗೆ ಔಷಧ ಹುಡುಕುತ್ತಿದ್ದ ಕೇಂದ್ರ ಅದು. ಆದರೆ ವಿಜ್ಞಾನಿಗಳೆಲ್ಲ ಗಂಟುಮೂಟೆ ಕಟ್ಟಿ ಊರು ಬಿಡಬೇಕಾಗಲಿಲ್ಲ. ಅಲ್ಲಿಂದ ಹೊರಬಂದ ಕೆಲವರು ಅದೇ ವರ್ಷ ಬಗ್‌ವರ್ಕ್ಸ್ ಎಂಬ ಕಂಪನಿ ಕಟ್ಟಿ, ಸಿ-ಕ್ಯಾಂಪ್‌ನಲ್ಲಿ ನೆಲೆ ಪಡೆದು, ಹೊಸ ಆಂಟಿಬಯೋಟಿಕ್‌ಗಳ ಸಂಶೋಧನೆಗೆ ಇಳಿದರು. ಕಂಪನಿ ಹೋದರೂ ವಿದ್ಯೆ ಊರಲ್ಲೇ ಉಳಿಯಿತು.

ಸಕ್ಕರೆ ಕಾರ್ಖಾನೆಯ ವಿಷಯದಲ್ಲಿ ಹೀಗಾಗಲಿಲ್ಲ. ಮಂಡ್ಯದ ಮೈಷುಗರ್ ಮತ್ತು ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ಅರೆಯುವುದನ್ನು ನಿಲ್ಲಿಸಿದ ವರ್ಷಗಳಲ್ಲಿ ಕಬ್ಬು ಒಣಗಿತು, ಸಾಲ ಬೆಳೆಯಿತು. ಒಂದೇ ಕಾರ್ಖಾನೆಯನ್ನು ನಂಬಿದ ಊರಿಗೂ ಹಲವು ಸಂಸ್ಥೆಗಳು ಬೇರೂರಿದ ಊರಿಗೂ ಇರುವ ಅಂತರ ಇದು.

ಕೊಟ್ಟ ನಾಡು, ಪಡೆದ ನಗರ

ಕೃಷ್ಣರಾಜಪೇಟೆ ಸೀಮೆ ಬೆಂಗಳೂರಿಗೆ ಕೊಟ್ಟದ್ದು ಕಡಿಮೆಯೇನಲ್ಲ. ಮಂಡ್ಯ ಜಿಲ್ಲೆಯ ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಅಣೆಕಟ್ಟು ನಿಂತಿರುವುದು ಈ ಭಾಗದಲ್ಲೇ. ಬೆಂಗಳೂರಿಗರು ಕುಡಿಯುವ ಕಾವೇರಿ ನೀರು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲೂಕಿನಿಂದ ಮೇಲೇರಿ ಹೋಗುತ್ತದೆ. ಅಕ್ಟೋಬರ್ 2024ರಲ್ಲಿ ಇದರ ಐದನೇ ಹಂತವೂ ಉದ್ಘಾಟನೆಯಾಯಿತು. ನೀರು ಹೋಯಿತು, ಬೆಳಕು ಹೋಯಿತು, ಓದಿದ ಮಕ್ಕಳೂ ಹೋದರು.

ಈ ನೆಲ ಆರೋಗ್ಯ ವಿಜ್ಞಾನಕ್ಕೆ ಹೊಸದೂ ಅಲ್ಲ. ಶ್ರೀರಂಗಪಟ್ಟಣ ಎಂದರೆ ಕರಾವಳಿ ಕ್ರೈಸ್ತರಾದ ನಮಗೆ ಪೂರ್ವಜರ ಸೆರೆವಾಸದ ನೆನಪು. 1799ರ ಬಳಿಕ, ಅಲ್ಲಿ ಚದುರಿ ಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದ ಫ್ರೆಂಚ್ ಗುರು ಅಬ್ಬೆ ದುಬುವಾ ಮತ್ತೊಂದು ಕೆಲಸವನ್ನೂ ಮಾಡಿದರು. ಎಡ್ವರ್ಡ್ ಜೆನ್ನರ್ ಸಿಡುಬಿನ ಲಸಿಕೆಯನ್ನು ಪ್ರಯೋಗಿಸಿದ್ದು 1796ರಲ್ಲಿ. ಏಳೆಂಟು ವರ್ಷಗಳಲ್ಲೇ, 1803-04ರಲ್ಲಿ, ದುಬುವಾ ಅವರ ಮುತುವರ್ಜಿಯಿಂದ ಮೈಸೂರು ಸೀಮೆಯಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಲಾಯಿತು. ಹೊಸ ವಿಜ್ಞಾನವನ್ನು ಹಳ್ಳಿಯ ಜನ ಸ್ವೀಕರಿಸಿದ್ದು ಅದನ್ನು ತಂದವರ ಮೇಲಿನ ನಂಬಿಕೆಯಿಂದ ಎಂಬುದನ್ನು ಇಲ್ಲಿ ಗಮನಿಸಬೇಕು.

ಇಂದು ಈ ಭಾಗಕ್ಕೆ ಏನಿದೆ? 1986ರಿಂದ ಬಿ.ಜಿ. ನಗರದಲ್ಲಿ ವೈದ್ಯಕೀಯ ಕಾಲೇಜಿದೆ. ಫಾರ್ಮಸಿ ಮತ್ತು ನರ್ಸಿಂಗ್ ಶಿಕ್ಷಣವೂ ಅಲ್ಲಿದೆ. 2018ರಲ್ಲಿ ಆದಿಚುಂಚನಗಿರಿ ವಿಶ್ವವಿದ್ಯಾಲಯ ರೂಪುಗೊಂಡಿತು. ಶ್ರವಣಬೆಳಗೊಳದ ಮೂಲಕ ಹಾಸನಕ್ಕೆ ಹೋಗುವ ರೈಲು ಮಾರ್ಗ 2017ರಲ್ಲಿ ತೆರೆಯಿತು. ಮೈಸೂರು ಹೆದ್ದಾರಿ 2023ರಲ್ಲಿ ಅಗಲವಾಯಿತು. ಪಕ್ಕದ ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ. ಅಂದರೆ ಬೀಜ ಬಿದ್ದಿದೆ. ಆದರೆ ಕಾಲೇಜು, ಪ್ರಯೋಗಾಲಯ ಮತ್ತು ಉದ್ಯಮಗಳ ನಡುವಿನ ಕೊಂಡಿ ಇನ್ನೂ ಬಲವಾಗಿ ಬೆಸೆದಿಲ್ಲ. ಪದವಿ ಇಲ್ಲಿ, ಕೆಲಸ ಅಲ್ಲಿ ಎಂಬ ಸ್ಥಿತಿ.

ಕಾರ್ಖಾನೆ ಬಂದರೆ ಸಾಕೇ?

"ನಮ್ಮ ತಾಲೂಕಿಗೂ ಒಂದು ಔಷಧ ಕಾರ್ಖಾನೆ ಕೊಡಿ" ಎಂದು ಕೇಳುವುದು ಸುಲಭ. ಆದರೆ ಔಷಧ ಉದ್ಯಮವೆಲ್ಲ ಒಂದೇ ಬಗೆಯದಲ್ಲ. ಸಂಶೋಧನೆ, ಪರೀಕ್ಷೆ, ಉಪಕರಣಗಳ ಜೋಡಣೆ ಒಂದು ಬಗೆ. ದ್ರಾವಕಗಳನ್ನು ಬಳಸಿ ಔಷಧದ ಮೂಲವಸ್ತುವನ್ನು ಟನ್ನುಗಟ್ಟಲೆ ತಯಾರಿಸುವುದು ಇನ್ನೊಂದು ಬಗೆ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯವನ್ನು ಶುದ್ಧೀಕರಿಸುವ ಘಟಕದಿಂದ ಹೊರಬಂದ ನೀರಿನಲ್ಲೂ ಆಂಟಿಬಯೋಟಿಕ್ ಅಂಶ ವಿಪರೀತ ಪ್ರಮಾಣದಲ್ಲಿದೆ ಎಂದು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಇಂಥ ನೀರಿನಲ್ಲಿ ಬೆಳೆಯುವ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ.

ಕೃಷ್ಣರಾಜಪೇಟೆ ತಾಲೂಕಿನಲ್ಲಿ ಹೇಮಾವತಿ ಹರಿಯುತ್ತಾಳೆ. ಅವಳು ಸೇರುವುದು ಕನ್ನಂಬಾಡಿಯ ಜಲಾಶಯವನ್ನು. ಅಲ್ಲಿಯ ನೀರು ಗದ್ದೆಗೂ ಹೋಗುತ್ತದೆ, ಕುಡಿಯುವ ನಲ್ಲಿಗೂ ಹೋಗುತ್ತದೆ. ಆದ್ದರಿಂದ ಈ ತಾಲೂಕಿನಲ್ಲಿ ಒಂದು ಹನಿ ತ್ಯಾಜ್ಯವೂ ಹೊರಬೀಳದ ವ್ಯವಸ್ಥೆ ಇಲ್ಲದೆ ರಾಸಾಯನಿಕ ಘಟಕಕ್ಕೆ ಒಪ್ಪಿಗೆ ಕೊಡುವುದು ಇಡೀ ಕಾವೇರಿ ಕಣಿವೆಯ ಜನರೊಂದಿಗೆ ಆಡುವ ಜೂಜಾಗುತ್ತದೆ.

ಇನ್ನೊಂದು ಮಾತನ್ನೂ ಹೇಳಲೇಬೇಕು. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಬೆಲ್ಲ ಕಾಯಿಸುವ ಜಾಗದಲ್ಲಿ ನಡೆದದ್ದು ಹೆಣ್ಣು ಶಿಶುಗಳ ಹತ್ಯೆಯ ಸಿದ್ಧತೆ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಿಂದಲೂ ಇದೆ. ತಾಯಿ ಮಗುವನ್ನು ಉಳಿಸಲು ಬಂದ ಯಂತ್ರ ಕಾನೂನಿನ ಕಣ್ತಪ್ಪಿಸಿ ಕೊಲ್ಲುವ ಕೆಲಸಕ್ಕೂ ಬಳಕೆಯಾಯಿತು. ಜೀವವಿಜ್ಞಾನದ ಉಪಕರಣ ಹಳ್ಳಿಗೆ ಬಂದಾಕ್ಷಣ ಜೀವಕ್ಕೆ ಬೆಲೆ ಬರುವುದಿಲ್ಲ. ಅದಕ್ಕೆ ಎಚ್ಚರದ ಆಡಳಿತ ಬೇಕು, ಮಾತನಾಡುವ ಸಮಾಜ ಬೇಕು.

ಕರಾವಳಿಯ ಪಾಠ

ನಮ್ಮ ಕರಾವಳಿಗೂ ಈ ಕಥೆ ಅನ್ವಯಿಸುತ್ತದೆ. 1880ರಲ್ಲಿ ಯೇಸು ಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಮಂಗಳೂರಿನಲ್ಲಿ ಹೋಮಿಯೋಪತಿ ಔಷಧ ಹಂಚಲು ಆರಂಭಿಸಿದರು. ಕಂಕನಾಡಿಯಲ್ಲಿ ಅದು ಕುಷ್ಠರೋಗಿಗಳ ಆಶ್ರಯವಾಗಿ, ಆಸ್ಪತ್ರೆಯಾಗಿ, ಔಷಧ ತಯಾರಿಕಾ ಘಟಕವಾಗಿ, ಕಾಲೇಜುಗಳಾಗಿ ಬೆಳೆಯಿತು. ಮಣಿಪಾಲದಲ್ಲಿ 1953ರಲ್ಲೇ ವೈದ್ಯಕೀಯ ಕಾಲೇಜು ಬಂತು. ಇಂದು ಮಂಗಳೂರಿನ ವಿಶೇಷ ಆರ್ಥಿಕ ವಲಯದಲ್ಲಿ ಸಿಂಜೀನ್ ತನ್ನ ಔಷಧ ತಯಾರಿಕಾ ಘಟಕ ಸ್ಥಾಪಿಸಿದ್ದರೆ ಬಂದರು, ವಿಮಾನ ನಿಲ್ದಾಣಗಳ ಜೊತೆಗೆ ಇಲ್ಲಿ ಓದಿದ ಯುವಜನರಿರುವುದೂ ಅದಕ್ಕೆ ಅನುಕೂಲವೇ.

ಆದರೆ ಆ ವಲಯಕ್ಕಾಗಿ ಗದ್ದೆ ತೋಟ ಬಿಟ್ಟುಕೊಟ್ಟ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇವೆ. ಭೂಮಿ ಕೊಟ್ಟವರ ಮನೆಯ ಮಗಳು ಅದೇ ಆವರಣದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೋ ಅಥವಾ ಮಗ ಅಲ್ಲಿ ಗೇಟು ಕಾಯುತ್ತಾನೋ ಎಂಬುದನ್ನು ನಿರ್ಧರಿಸುವುದು ಕಂಪನಿ ಬಂದ ದಿನವಲ್ಲ. ಹತ್ತು ವರ್ಷ ಮೊದಲು ಆ ಊರಿನ ಶಾಲೆಯಲ್ಲಿ ವಿಜ್ಞಾನ ಹೇಗೆ ಕಲಿಸಲಾಯಿತು ಎಂಬುದು ಅದನ್ನು ನಿರ್ಧರಿಸುತ್ತದೆ.

ಆದುದರಿಂದ ಕೃಷ್ಣರಾಜಪೇಟೆಯ ಜನರಾಗಲಿ ನಾವಾಗಲಿ ಸರಕಾರದ ಮುಂದೆ ಇಡಬೇಕಾದ ಬೇಡಿಕೆ ಎಕರೆಗಳ ಲೆಕ್ಕದಲ್ಲಿರಬಾರದು. ಬೆಂಗಳೂರಿನ ಸಿ-ಕ್ಯಾಂಪ್‌ನಂತೆ ಎಲ್ಲರೂ ಬಳಸಬಹುದಾದ ಪ್ರಯೋಗಾಲಯ ಜಿಲ್ಲಾ ಮಟ್ಟದಲ್ಲಿ ಬೇಕು. ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿ, ಗುಣಮಟ್ಟ ಪರೀಕ್ಷೆಯ ತರಬೇತಿಗೆ ತಾಲೂಕಿನಲ್ಲೇ ವ್ಯವಸ್ಥೆ ಬೇಕು. ಭೂಸ್ವಾಧೀನಕ್ಕೆ ಮೊದಲು ನೀರು ಮತ್ತು ತ್ಯಾಜ್ಯದ ಲೆಕ್ಕವನ್ನು ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಇಡಬೇಕು. ಶಾಲೆಗಳನ್ನು ನಡೆಸುವ ನಾವು ಕೂಡ ಪ್ರಶ್ನಿಸಿಕೊಳ್ಳಬೇಕಾಗಿದೆ. ನಮ್ಮ ಕನ್ನಡ ಮಾಧ್ಯಮ ಪ್ರೌಢಶಾಲೆಗಳ ಸೂಕ್ಷ್ಮದರ್ಶಕ ಮಕ್ಕಳ ಕೈಗೆ ಸಿಗುತ್ತಿದೆಯೇ, ಅಥವಾ ಬೀರುವಿನಲ್ಲಿ ಬೀಗ ಹಾಕಿ ಕೂತಿದೆಯೇ?

ಮುಂದಿನ ಸಲ ರಾತ್ರಿ ಬಸ್ಸು ಬೆಳ್ಳೂರು ಕ್ರಾಸ್ ದಾಟುವಾಗ ಎಚ್ಚರವಿದ್ದರೆ ಕಿಟಕಿಯಿಂದ ಹೊರಗೆ ನೋಡಿ. ಆ ಆಸ್ಪತ್ರೆಯ ದೀಪಗಳು ಬೆಂಗಳೂರಿನ ದೀಪಗಳಷ್ಟು ಪ್ರಕಾಶಮಾನವಲ್ಲ ನಿಜ. ಆದರೆ ಬೆಂಗಳೂರು ಕೂಡ ಒಂದು ದಿನ ಹೀಗೆಯೇ, ಒಂದು ವಿದ್ಯಾಸಂಸ್ಥೆ ಮತ್ತು ಒಂದು ಆಸ್ಪತ್ರೆಯಿಂದ ಆರಂಭಿಸಿತ್ತು.